ಹಳೆಯ ಕಿಟಕಿಗಳೂ ಹೊಸ ಅಂದಾಜುಪಟ್ಟಿಗಳೂ

ಬಂಡೂರೆಂದೊಡನೆ ನಮ್ಮ ನಾಡಿನವರಿಗೆ ಮೊದಲು ನೆನಪಾಗುವುದು ಕುರಿ. ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರನ್ನು ಹೊತ್ತ, ಗಿಡ್ಡ ಕಾಲಿನ, ತುಂಬಿದ ಮೈಯ ತಳಿಯು ಕರ್ಣಾಟಕದಲ್ಲೆಲ್ಲಾ ಪ್ರಸಿದ್ಧವಾಗಿರುವುದು. ದಾಖಲೆಗಳಲ್ಲಿ ಇದಕ್ಕೆ ಮಂಡ್ಯ ತಳಿಯೆಂದು ಹೆಸರು. ಕಂಡ ಕಂಡ ಟಗರುಗಳು ಮಂದೆಯಲ್ಲಿ ಬೆರೆತು ಈ ತಳಿಯು ಕೆಡಬಾರದೆಂದು ಇದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದವರು ಕುರಿ ಸಂವರ್ಧನ ಕ್ಷೇತ್ರವನ್ನು ನಡೆಯಿಸುತ್ತಿದ್ದಾರೆ. ಒಮ್ಮೆ ಕೈಬಿಟ್ಟ ತಳಿಯನ್ನು ಆಮೇಲೆ ಎಷ್ಟು ಹಣ ಸುರಿದರೂ ಪಡೆಯಲಾಗದೆಂಬ ವಿವೇಕವು ಈ ಏರ್ಪಾಡಿನ ಬುಡದಲ್ಲಿದೆ. ಇದು ಒಪ್ಪತಕ್ಕ ಮಾತು. ಆದರೆ ಕುರಿಯ ವಿಷಯದಲ್ಲಿ ಇಷ್ಟು ಜಾಗರೂಕರಾಗಿರುವ ನಾವು, ನಮ್ಮ ಹಳೆಯ ಕಟ್ಟಡಗಳ ಕಿಟಕಿಬಾಗಿಲುಗಳ ವಿಷಯದಲ್ಲಿ ಅದೇ ವಿವೇಕವನ್ನು ಏತಕ್ಕೆ ತೋರಿಸುತ್ತಿಲ್ಲವೆಂಬುದು ಇಂದಿನ ನಮ್ಮ ಪ್ರಶ್ನೆ.

ಈಚೆಗೆ ಈ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಒಂದು ಹಳೆಯ ಸರ್ಕಾರಿ ಪಾಠಶಾಲೆಯ ದುರಸ್ತಿಯು ನಮ್ಮ ಕಣ್ಣಿಗೆ ಬಿದ್ದಿತು. ಊರಿನ ಹೆಸರು ಇಲ್ಲಿ ಅನಾವಶ್ಯಕ. ಅದೇ ಕೆಲಸವು ಬೇರೆ ಊರುಗಳಲ್ಲಿಯೂ ನಡೆಯುತ್ತಿರುವುದು. ಗೋಡೆಯಿಂದ ಕಿತ್ತ ತೇಗದ ಚೌಕಟ್ಟುಗಳೂ ಕದಗಳೂ ಅಂಗಳದಲ್ಲಿ ರಾಶಿಯಾಗಿ ಬಿದ್ದಿದ್ದುವು. ಅವುಗಳಲ್ಲಿ ಕೆಳಗಿನ ಅಡ್ಡಪಟ್ಟಿಯು ಮಾತ್ರ ಮಳೆಯ ನೀರಿಗೆ ಮೆತ್ತಗಾಗಿದ್ದಿತು; ಉಳಿದ ಮರವೆಲ್ಲವೂ ಉಗುರು ಊರದಷ್ಟು ಗಟ್ಟಿಯಾಗಿದ್ದಿತು. ವಿಚಾರಿಸಲಾಗಿ, ಅವು ಸೌದೆಯ ಲೆಕ್ಕದಲ್ಲಿ ಹೋಗುವುವೆಂದೂ, ಅವುಗಳ ಸ್ಥಳದಲ್ಲಿ ಅಲ್ಯುಮಿನಿಯಮ್ಮಿನ ಕಿಟಕಿಗಳು ಬರುವುವೆಂದೂ ತಿಳಿಯಿತು. ಇವನ್ನು ಸರಿಮಾಡಲಾಗದೆ ಎಂದು ನಾವು ಕೇಳಲು, ಅಲ್ಲಿದ್ದ ವೃದ್ಧ ಆಚಾರಿಯೊಬ್ಬರು, "ಆಗದೆ ಏನು ಸ್ವಾಮಿ, ಒಂದೊಂದಕ್ಕೆ ಎರಡು ದಿನದ ಕೆಲಸ. ಆದರೆ ಪಟ್ಟಿಯಲ್ಲಿ ಹೊಸದು ಅಂತ ಬರೆದಿದೆ" ಎಂದರು.

ಪಟ್ಟಿಯಲ್ಲಿ ಹೊಸದು ಎಂದು ಬರೆದಿದೆ! ರೋಗವೇನೆಂಬುದು ಈ ಒಂದು ಮಾತಿನಲ್ಲಿಯೇ ಇದೆ. ಮರವು ಕೆಟ್ಟಿಲ್ಲ, ಕೆಲಸಗಾರನು ಇಲ್ಲದಿಲ್ಲ, ಹಣವೂ ಇದೆ. ಇಲ್ಲದಿರುವುದು ದುರಸ್ತಿಯೂ ಒಂದು ಕೆಲಸವೆಂಬ ತಿಳಿವಳಿಕೆ ಮಾತ್ರ. ಇಂದಿನ ಲೋಕೋಪಯೋಗಿ ಇಲಾಖೆಯ ಕೆಲಸವನ್ನು ನಮ್ಮ ಹಿಂದಿನವರು ಮರಾಮತ್ತು ಎಂದು ಕರೆಯುತ್ತಿದ್ದರು. ಮರಾಮತ್ತು ಎಂದರೆ ದುರಸ್ತಿ ಎಂದೇ ಅರ್ಥ. ಹೆಸರು ಹೋದುದರೊಡನೆ ಅರ್ಥವೂ ಹೋಯಿತೋ ಎಂದು ಸಂದೇಹಪಡಬೇಕಾಗಿದೆ.

ನಮ್ಮ ನಾಡಿಗೆ ಕಿಟಕಿಯ ಶಿಲ್ಪವು ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತು; ಅದರ ಗೋಡೆಗಳಿಗೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದುದು ಅನಂತರ ಎರಡನೆಯ ವೀರಬಲ್ಲಾಳನ ಕಾಲದಲ್ಲಿ. ಬಿಸಿಲನ್ನು ಸೋಸಿ, ಗಾಳಿಯನ್ನು ಬಿಟ್ಟು, ಒಳಗಿನ ಗಾಂಭೀರ್ಯವನ್ನು ಕಾಪಾಡುವ ಆ ಜಾಲಂಧ್ರಗಳನ್ನು ನೋಡಿದವರು, ಕಿಟಕಿಯೆಂದರೆ ಗೋಡೆಯ ತೂತಲ್ಲವೆಂಬುದನ್ನು ಒಪ್ಪುವರು. ಬಂಡೂರಿನ ಸುತ್ತಣ ಸೀಮೆಯ ಹಳೆಯ ತೊಟ್ಟಿಮನೆಗಳಲ್ಲಿ ಬೆಳಕು ಬರುವುದು ನಡುವಣ ತೊಟ್ಟಿಯಿಂದ; ಹೊರಗೋಡೆಗೆ ಕಳ್ಳಕಾಕರ ಭಯದಿಂದ ಸಣ್ಣ ಬೆಳಕಿಂಡಿಗಳೂ, ದಪ್ಪ ಸರಳಿನ ಗಿಡ್ಡ ಕಿಟಕಿಗಳೂ ಇರುವುವು. ಆ ಸರಳುಗಳು ಮೊದಲು ಮರದವು, ಆಮೇಲೆ ಕಬ್ಬಿಣದವು. ಮೊಳೆಯನ್ನು ನಂಬದೆ, ಒಂದು ಮರದ ತುದಿಯನ್ನು ಮತ್ತೊಂದರ ತೂತಿನಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟವನ್ನು ಹೊಡೆದು ಬಿಗಿದ ಚೌಕಟ್ಟುಗಳವು. ಗೂಟವನ್ನು ತಟ್ಟಿ ತೆಗೆದರೆ ಇಡೀ ಚೌಕಟ್ಟು ಬಿಡಿಬಿಡಿಯಾಗಿ ಬರುವುದು. ಕೆಟ್ಟುದನ್ನು ಬದಲಿಸಿ ಮತ್ತೆ ಕೂಡಿಸಬಹುದು. ದುರಸ್ತಿಯಾಗಲೆಂದೇ ಮಾಡಿದ ವಸ್ತುವದು.

ಇಂಗ್ಲಿಷರ ಕಾಲದಲ್ಲಿ ಕಚೇರಿ, ಪಾಠಶಾಲೆ, ಆಸ್ಪತ್ರೆ, ಮುಸಾಫರಖಾನೆಗಳು ಎದ್ದುವು; ಕಿಟಕಿಗಳು ಎತ್ತರವಾದುವು, ಗಾಜು ಬಂದಿತು. ಅವರ ದೇಶದಲ್ಲಿ ಹೆಚ್ಚಾಗಿ ರೂಢಿಯಲ್ಲಿದ್ದುದು ಏರಿಳಿಯುವ ಕಿಟಕಿ. ಅದರಲ್ಲಿ ಗಾಜಿನ ಎರಡು ಕದಗಳು ಪಕ್ಕಕ್ಕೆ ತೆರೆಯದೆ, ಒಂದರ ಹಿಂದೊಂದಾಗಿ ಮೇಲಕ್ಕೂ ಕೆಳಕ್ಕೂ ಜಾರುವುವು. ಚೌಕಟ್ಟಿನ ಇಕ್ಕೆಲಗಳು ಪೆಟ್ಟಿಗೆಯಂತೆ ಟೊಳ್ಳಾಗಿದ್ದು, ಅವುಗಳೊಳಗೆ ಹಗ್ಗಕ್ಕೆ ಕಟ್ಟಿದ ಎರಕದ ಕಬ್ಬಿಣದ ಅಥವಾ ಸೀಸದ ಗುಂಡುಗಳು ರಾಟೆಯ ಮೇಲಿಂದ ತೂಗುತ್ತಿರುವುವು. ಕದದ ಭಾರಕ್ಕೂ ಗುಂಡಿನ ಭಾರಕ್ಕೂ ಸರಿಯಾಗಿರುವುದರಿಂದ ಮಗುವೂ ಒಂದು ಕೈಯಿಂದ ಕಿಟಕಿಯನ್ನು ಎತ್ತಬಹುದು. ಮೇಲಿನದನ್ನು ಸ್ವಲ್ಪ ಇಳಿಸಿ ಕೆಳಗಿನದನ್ನು ಸ್ವಲ್ಪ ಏರಿಸಿದರೆ ಬಿಸಿಗಾಳಿಯು ಮೇಲಿಂದ ಹೋಗಿ ತಣ್ಣನೆಯದು ಕೆಳಗಿನಿಂದ ಬರುವುದು. ಆದರೆ ಅದರಲ್ಲಿ ಕಿಟಕಿಯ ಅರ್ಧವೇ ತೆರೆಯತಕ್ಕದ್ದು. ನಮ್ಮ ಬೇಸಗೆಗೆ ಅದು ಸಾಲದು. ಆದುದರಿಂದ ಇಲ್ಲಿನ ಕಟ್ಟಡಗಳಲ್ಲಿ ಪೂರ್ತಿ ತೆರೆಯುವ ಎರಡು ಕದದ ಕಿಟಕಿಯೂ, ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಅಡ್ಡಪಟ್ಟಿಯ ಕದಗಳೂ ಹೆಚ್ಚಾಗಿ ನೆಲೆನಿಂತುವು. ಬೆಂಗಳೂರಿನ ದಂಡುಪ್ರದೇಶದ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚೂಪಾದ ಮರದ ಮುಸುಕನ್ನು ಇಳಿಯಬಿಟ್ಟರು. ಹೊರದೇಶದ ನಕ್ಷೆಯು ನಮ್ಮ ಬಿಸಿಲಿಗೂ ಮಳೆಗೂ ಬಾಗಿ, ನಮ್ಮ ಬಡಗಿಗಳ ಕೈಯಲ್ಲಿ ಬೇರೊಂದೇ ವಸ್ತುವಾಯಿತೆಂಬುದು ಇದರ ತಾತ್ಪರ್ಯ.

ಬೇಲೂರಿನ ಜಾಲಂಧ್ರಗಳಿಗೆ ಕಾನೂನಿನ ಕಾವಲಿದೆ. ತಾಲ್ಲೂಕು ಕೇಂದ್ರದ ಕಚೇರಿಗೆ, ಹೋಬಳಿಯ ಪಾಠಶಾಲೆಗೆ, ಗೌಡರ ಮನೆಗೆ ಯಾರ ಕಾವಲಿದೆ? ಅರಮನೆಯ ಮಟ್ಟದ ಕಟ್ಟಡಗಳೇ ಸುಖವಾಗಿಲ್ಲದಿರುವಾಗ ಇವುಗಳ ಪಾಡನ್ನು ಕೇಳುವವರಾರು? ಮೈಸೂರಿನ ಜಯಲಕ್ಷ್ಮೀವಿಲಾಸ ಭವನದ ಕಥೆಯನ್ನು ವಾಚಕರು ಗಮನಿಸಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹಕಾಲದಲ್ಲಿ ಬೆಂಕಿ ಬಿದ್ದು ಮೈಸೂರಿನ ಹಳೆಯ ಮರದ ಅರಮನೆಯು ಸುಟ್ಟುಹೋಯಿತು. ಎಂಟು ವರ್ಷಗಳ ಮೇಲೆ, 1905ರಲ್ಲಿ, ಅದೇ ರಾಜಕುಮಾರಿಯವರಿಗಾಗಿ ಈ ಭವನವು ಸಿದ್ಧವಾಯಿತು. ಇದರಲ್ಲಿ 125 ಕೋಣೆಗಳು, 287 ಕೆತ್ತನೆಯ ಬಾಗಿಲುಗಳು, 300 ಕಿಟಕಿಗಳು ಇರುವುವೆಂದು ಲೆಕ್ಕ. ಕುವೆಂಪುರವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ ಮಾನಸಗಂಗೋತ್ರಿಯು ಇದರ ಸುತ್ತ ಬೆಳೆಯಿತು. ಇದರೊಳಗೆ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ನೆಲಸಿತು. ಆದರೂ ಭವನವು ಶಿಥಿಲವಾಗುತ್ತ ಬಂದಿತು. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದವರ ಉದಾರವಾದ ನೆರವಿನಿಂದ ಅದರ ಜೀರ್ಣೋದ್ಧಾರವಾಯಿತು. ಎಲ್ಲರೂ ಸಂತೋಷಪಟ್ಟರು. ಆದರೆ ಎರಡು ದಶಕಗಳು ತುಂಬುವುದರೊಳಗಾಗಿ ಮಾಡು ಸೋರಿ, ಮರ ನೆನೆದು, ಪುನಃ ದುರಸ್ತಿಯ ಕೂಗು ಏಳಬೇಕಾಯಿತು. ಈಚೆಗೆ ಅಮೆರಿಕ ದೇಶದ ರಾಯಭಾರಿಗಳ ಸಾಂಸ್ಕೃತಿಕ ನಿಧಿಯೂ ನೆರವಿಗೆ ಬಂದಿದೆ.

ನೆರವು ನೀಡಿದವರಿಗೆ ನಾವು ಕೃತಜ್ಞರು. ಆದರೆ ಲೆಕ್ಕವನ್ನು ಒಂದಿಷ್ಟು ನೋಡೋಣ. ಕಿಟಕಿಗಳು ಮುನ್ನೂರು. ಒಬ್ಬ ಬಡಗಿಯು ದಿನಕ್ಕೊಂದು ಕಿಟಕಿಯನ್ನು ಮಾತ್ರ ನೋಡಿಕೊಂಡು, ಬಿಜಾಗರಿಗೆ ಎಣ್ಣೆ ಬಿಟ್ಟು, ಬಿಟ್ಟ ಸಂದಿಗೆ ಪುಟ್ಟಿ ಮೆತ್ತಿ, ಸವೆದ ಬಣ್ಣದ ಮೇಲೆ ಒಂದು ಕೈ ಬಣ್ಣ ಎಳೆಯುತ್ತ ಬಂದರೂ, ವರ್ಷದ ಕೆಲಸದ ದಿನಗಳಲ್ಲಿ ಮುನ್ನೂರೂ ಒಂದು ಸುತ್ತು ಮುಗಿಯುವುದು. ಒಬ್ಬ ಬಡಗಿಯ ಸಂಬಳವನ್ನು ಉಳಿಸಿದೆವೆಂದು ಹಿಗ್ಗಿ, ಇಪ್ಪತ್ತು ವರ್ಷಕ್ಕೊಮ್ಮೆ ದಾನಿಗಳ ಬಾಗಿಲನ್ನು ತಟ್ಟುವುದು ಯಾವ ಆಯವ್ಯಯ ಶಾಸ್ತ್ರ? ಜೀರ್ಣೋದ್ಧಾರವೆಂಬುದು ಉತ್ಸವ, ನಿತ್ಯಪೂಜೆಯಿಲ್ಲದ ಗುಡಿಯಲ್ಲಿ ಉತ್ಸವವೊಂದರಿಂದ ದೇವರು ನಿಲ್ಲುವನೆ?

ಅಲಕ್ಷ್ಯದ ಫಲವು ಸೌಂದರ್ಯನಾಶದಲ್ಲಿಯೇ ಮುಗಿಯುವುದೂ ಇಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣವನ್ನು ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ಬಿದ್ದಿತು. ಕೆಡವಿ ಕಟ್ಟಬೇಕೋ, ಇದ್ದುದನ್ನು ದುರಸ್ತಿ ಮಾಡಬೇಕೋ ಎಂಬ ವಾದವು ಅಲ್ಲಿಂದ ವರ್ಷಗಟ್ಟಲೆ ನಡೆಯಿತು. ಮಳೆಯು ಆ ವಾದವು ಮುಗಿಯಲೆಂದು ಕಾಯಲಿಲ್ಲ. ಗೋಡೆ ಬೀಳುವುದಕ್ಕೆ ಬಹುಕಾಲ ಮುಂಚೆಯೇ ಸೋರುವ ಮಾಡೂ ಮುಚ್ಚದ ಕಿಟಕಿಯೂ ಎಚ್ಚರಿಕೆ ಹೇಳುತ್ತಿರುವುವು. ಮುರಿದ ಕದದಿಂದ ಎರಚಲು ಒಳಬಂದು ಗಾರೆಯನ್ನು ನೆನೆಯಿಸುವುದು, ನೆನೆದ ಗಾರೆಯು ತೊಲೆಯ ತುದಿಯನ್ನು ಕೊಳೆಯಿಸುವುದು. ಕಿಟಕಿಯ ದುರಸ್ತಿಯೆಂದರೆ ಕಟ್ಟಡದ ನಾಡಿಯನ್ನು ಹಿಡಿದು ನೋಡುವುದೇ ಸರಿ.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ಮರವು ಬೆಂಕಿಗೆ ತುತ್ತೆಂಬುದು ಮೊದಲನೆಯದು. 1897ರ ಪಾಠವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಹೆನ್ರಿ ಇರ್ವಿನ್ ಎಂಬಾತನು ರಚಿಸಿ 1912ರಲ್ಲಿ ಪೂರ್ಣವಾದ ಇಂದಿನ ಅರಮನೆಯು ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಆಶ್ರಯಿಸಿದುದು ಯುಕ್ತವೇ ಆಗಿತ್ತು. ಆದರೆ ಬುದ್ಧಿವಂತರು ಮರವನ್ನು ತೊರೆಯದೆ ಅದರ ಸ್ಥಾನವನ್ನು ತಿದ್ದಿದ ನಿದರ್ಶನವೂ ಉಂಟು. 1666ರ ಮಹಾಗ್ನಿಯಿಂದ ಬೆಂದ ಲಂಡನ್ ನಗರದಲ್ಲಿ, ಉರಿಯು ಕಿಟಕಿಯಿಂದ ಕಿಟಕಿಗೆ ಹಬ್ಬದಂತೆ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಅಂಗುಲ ಹಿಂದಕ್ಕೆ ಕೂರಿಸಬೇಕೆಂದು 1709ರ ಕಾನೂನು ವಿಧಿಸಿತು. 1774ರ ಕಾನೂನು ಪೆಟ್ಟಿಗೆಯ ಚೌಕಟ್ಟನ್ನು ಇಟ್ಟಿಗೆಯ ಮರೆಗೆ ಸರಿಸಿತು. ಮರದ ಕಿಟಕಿಯು ಉಳಿಯಿತು, ಭಯವು ತಗ್ಗಿತು. ಇಂದಿಗೂ ಆ ದೇಶದಲ್ಲಿ ಪಟ್ಟಿಗೆ ಸೇರಿದ ಹಳೆಯ ಕಟ್ಟಡದ ಕಿಟಕಿಯನ್ನು ಬೇರೆ ಬಗೆಯದಕ್ಕೆ ಬದಲಿಸಬೇಕಾದರೆ ಮನೆಯ ಯಜಮಾನನೂ ಸ್ಥಳೀಯ ಅಧಿಕಾರಿಗಳ ಅಪ್ಪಣೆಯನ್ನು ಪಡೆಯಬೇಕು.

ಇವು ಪರರಾಜ್ಯದ ಗುರುತುಗಳು, ಹೋದರೆ ಹೋಗಲಿ ಎಂಬುದು ಎರಡನೆಯ ಆಕ್ಷೇಪ. ದೇಶಾಭಿಮಾನದಿಂದ ಹೊರಟ ಮಾತಾದುದರಿಂದ ಇದಕ್ಕೆ ಗೌರವದಿಂದಲೇ ಉತ್ತರ ಹೇಳುವೆವು. ನಕ್ಷೆಯನ್ನು ಯಾರು ಬರೆದರೇನು? ಮರವು ನಮ್ಮ ಕಾಡಿನದು, ಕೈಯು ನಮ್ಮ ಆಚಾರಿಯದು, ಹಣವು ನಮ್ಮ ರೈತನ ಕಂದಾಯದ್ದು. ಮೂರೂ ನಮ್ಮದಾಗಿರುವ ವಸ್ತುವನ್ನು ಪರರದೆಂದು ಸೌದೆಗೆ ಹಾಕುವುದು ಸ್ವದೇಶಿಯಲ್ಲ. ಬೆಂಗಳೂರಿನ ಅಠಾರ ಕಚೇರಿಯು 1868ರಲ್ಲಿ ಇಂಗ್ಲಿಷ್ ಅಧಿಕಾರದ ನೆಲೆಯಾಗಿಯೇ ಎದ್ದಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಹುಟ್ಟಿದಾಗ ಅದರ ಪರವಾಗಿ ನಿಂತವರು ಬೆಂಗಳೂರಿನ ನಾಗರಿಕರೇ. ಕಟ್ಟಡವು ಉಳಿಯಿತು, ಇಂದು ನಮ್ಮ ಉಚ್ಚ ನ್ಯಾಯಾಲಯವು ಅದರಲ್ಲಿ ನೆಲಸಿರುವುದು. ಹಾಗೆಂದು ಹೊಸತನ್ನು ಒಲ್ಲದ ಸೀಮೆಯೂ ಇದಲ್ಲ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಹೊಸತು ಬರಲಿ, ಆದರೆ ಕೆಡದಿರುವ ಹಳೆಯದನ್ನು ನೂಕಿ ಬರಬೇಕೆ?

ಮೂರನೆಯದು ಖರ್ಚಿನ ಮಾತು. ಇದೇ ಮುಖ್ಯವಾದುದು. ಹೊಸ ಕಿಟಕಿಗೆ ಚದರಡಿಯ ದರವನ್ನು ಕಚೇರಿಯಲ್ಲಿ ಕುಳಿತು ಲೆಕ್ಕಹಾಕಬಹುದು. ಹಳೆಯ ಕದವೊಂದರ ಯಾವ ಪಟ್ಟಿ ಕೆಟ್ಟಿದೆ, ಅದಕ್ಕೆ ಎಷ್ಟು ದಿನ ಹಿಡಿಯುವುದೆಂಬುದನ್ನು ಸ್ಥಳಕ್ಕೆ ಬಂದು, ಕದವನ್ನು ಮುಟ್ಟಿ ನೋಡದೆ ಹೇಳಲಾಗದು. ಆದುದರಿಂದ ಹೊಸದು ಅಗ್ಗವೆನಿಸುವುದು ಬಹುಮಟ್ಟಿಗೆ ಲೆಕ್ಕದ ಸೌಕರ್ಯದಿಂದಲೇ ಹೊರತು ನಿಜದಿಂದಲ್ಲ. ಅಲ್ಯುಮಿನಿಯಮ್ಮು ಬಿಸಿಲಿಗೆ ಬೇಗ ಕಾದು ಸೆಕೆಯನ್ನು ಒಳಕ್ಕೆ ತರುವುದು. ಪ್ಲಾಸ್ಟಿಕ್ಕಿನ ಚೌಕಟ್ಟು ಸೀಳಿದರೆ ಅದಕ್ಕೆ ತೇಪೆಯಿಲ್ಲ, ಇಡಿಯಾಗಿ ಎಸೆಯತಕ್ಕದ್ದು. ಎರಡು ಕದದ ಕಿಟಕಿಯು ಪೂರ್ತಿ ತೆರೆಯುವುದು. ಜಾರುವ ಹೊಸ ಕಿಟಕಿಯು ಅರ್ಧವೇ ತೆರೆಯುವುದು. ಏರಿಳಿಯುವ ಕಿಟಕಿಯಲ್ಲಿ ನಮ್ಮ ಹಿಂದಿನವರು ಕಂಡು ತೊರೆದ ಕೊರತೆಯನ್ನೇ ನಾವು ಇಂದು ಹಣ ಕೊಟ್ಟು ಕೊಳ್ಳುತ್ತಿದ್ದೇವೆ.

ಅಲ್ಲದೆ, ಕಿತ್ತೆಸೆದ ಆ ತೇಗವು ಮತ್ತೆಲ್ಲಿ ಸಿಕ್ಕುವುದು? ನೈಸರ್ಗಿಕ ಅರಣ್ಯದಲ್ಲಿ ನಿಧಾನವಾಗಿ ಬೆಳೆದ ಮರದ ಚೇಗಿನಲ್ಲಿ ಎಣ್ಣೆಯ ಅಂಶವು ತುಂಬಿರುವುದರಿಂದ ಗೆದ್ದಲು ಅದನ್ನು ಸುಲಭವಾಗಿ ತಿನ್ನದು. ತೋಟದಲ್ಲಿ ಅವಸರವಾಗಿ ಬೆಳೆಯಿಸಿ ಎಳೆಯದಾಗಿ ಕಡಿದ ತೇಗದಲ್ಲಿ ಬಿಳಿಯ ಹೊರಮರವೇ ಹೆಚ್ಚು. ಅದಕ್ಕೆ ಆ ಆಯುಸ್ಸಿಲ್ಲ. ಕಾಡಿನ ಮರವನ್ನು ಮನಬಂದಂತೆ ಕಡಿಯುವುದಕ್ಕೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯನ್ನು ಹಾಕಿತು, ಅದು ನ್ಯಾಯವೇ. ಹಾಗಿದ್ದ ಮೇಲೆ ನಮ್ಮ ಹಳೆಯ ಕಟ್ಟಡಗಳ ಚೌಕಟ್ಟುಗಳೇ ನಮಗುಳಿದ ಹಳೆಯ ಕಾಡು. ಅದನ್ನು ಸೌದೆಯ ದರಕ್ಕೆ ಮಾರುವವನು ಬಂಡೂರಿನ ಟಗರನ್ನು ಚರ್ಮದ ದರಕ್ಕೆ ಮಾರಿದವನಂತೆಯೇ.

ದುರಸ್ತಿಯ ಕ್ರಮವು ಗೂಢವಿದ್ಯೆಯೇನೂ ಅಲ್ಲ. ಮೊದಲು ನೀರು ಎಲ್ಲಿಂದ ಬಂದಿತೆಂಬುದನ್ನು ಕಂಡುಹಿಡಿಯಬೇಕು. ಒಡೆದ ಹೆಂಚನ್ನೂ ಮುರಿದ ದೋಣಿಯನ್ನೂ ಸರಿಪಡಿಸದೆ ಕದವನ್ನು ಮುಟ್ಟುವುದು ವ್ಯರ್ಥ. ಆಮೇಲೆ ಪ್ರತಿಯೊಂದು ಕದಕ್ಕೂ ಚೌಕಟ್ಟಿಗೂ ಅಂಕಿಯನ್ನು ಹಾಕಿಯೇ ಬಿಚ್ಚಬೇಕು. ನೂರು ವರ್ಷ ಒಂದಕ್ಕೊಂದು ಒಗ್ಗಿದ ಜೋಡಿಗಳು ಬದಲಾದರೆ ಮತ್ತೆ ಕೂರವು. ಹಳೆಯ ಬಣ್ಣದಲ್ಲಿ ಸೀಸವು ಸೇರಿರುವ ಸಂಭವವಿರುವುದರಿಂದ ಅದನ್ನು ಬೆಂಕಿಯಿಂದ ಸುಡದೆ, ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆಯಬೇಕು. ಕೆಲಸಗಾರನು ಮುಖವನ್ನು ಮುಚ್ಚಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು. ಕೊಳೆತ ಭಾಗವನ್ನಷ್ಟೇ ಗಟ್ಟಿ ಮರ ಸಿಕ್ಕುವವರೆಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹಳೆಯ ಮರದ ತುಂಡನ್ನು ಎಳೆಗೆ ಎಳೆ ಸೇರುವಂತೆ ಬೆಸೆಯಬೇಕು. ಗಾಜು ಒಡೆಯದಿದ್ದರೆ ಅದನ್ನೇ ಉಳಿಸಿಕೊಳ್ಳಬೇಕು. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಪುಟ್ಟಿಯಿಂದ ಅದನ್ನು ಕೂರಿಸಿ, ಪುಟ್ಟಿಯು ಬಿಗಿಯುವವರೆಗೆ ತಾಳ್ಮೆಯಿಂದಿದ್ದು ಆಮೇಲೆ ಬಣ್ಣ ಕೊಡಬೇಕು. ಸುಣ್ಣದ ಗಾರೆಯ ಗೋಡೆಯಲ್ಲಿ ಚೌಕಟ್ಟಿನ ಸುತ್ತ ಸಿಮೆಂಟನ್ನು ತುಂಬುವುದು ದೊಡ್ಡ ತಪ್ಪು. ಸುಣ್ಣವು ತೇವವನ್ನು ಹೊರಕ್ಕೆ ಬಿಡುವುದು. ಸಿಮೆಂಟು ಅದನ್ನು ಮರದ ಪಕ್ಕದಲ್ಲಿಯೇ ಸೆರೆಹಿಡಿಯುವುದು. ಹಲವು ಕಡೆ ಮರವನ್ನು ಕೊಂದುದು ವಯಸ್ಸಲ್ಲ, ಕಳೆದ ಸಲದ ದುರಸ್ತಿ.

ಈ ಕೆಲಸವನ್ನು ಬಲ್ಲವರು ಇನ್ನೂ ಇದ್ದಾರೆ. ಆದರೆ ಅವರ ತಲೆ ನರೆತಿದೆ, ಅವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗಿದ್ದಾರೆ. ಕೇಂದ್ರ ಸರ್ಕಾರದವರು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯ ಕಸುಬೂ ಸೇರಿದೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಇವು ಅದರಲ್ಲಿ ಸೇರಿವೆ. ಉಪಕರಣ ಕೊಟ್ಟರೆ ಸಾಲದು. ಆ ಉಪಕರಣಕ್ಕೆ ಕೆಲಸವನ್ನೂ ಕೊಡಬೇಕು. ಉಳಿ, ಉಜ್ಜುಗೊರಡುಗಳನ್ನು ಒಂದು ಕೈಯಿಂದ ಹಂಚಿ, ಇನ್ನೊಂದು ಕೈಯಿಂದ ಮರದ ಕಿಟಕಿಗಳನ್ನು ಕಿತ್ತೆಸೆಯುವ ಸರ್ಕಾರವು ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಗಾಡಿಯನ್ನು ನೆನಪಿಗೆ ತರುವುದು.

ಆದುದರಿಂದ ಅಧಿಕಾರಿವರ್ಗದವರಲ್ಲಿಯೂ ಜಿಲ್ಲೆಯ ಮಹಾಜನಗಳಲ್ಲಿಯೂ ನಮ್ಮ ಸೂಚನೆಗಳಿವು. ಮೊದಲನೆಯದಾಗಿ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಐವತ್ತು ವರ್ಷ ಮೀರಿದ ಸರ್ಕಾರಿ ಕಟ್ಟಡಗಳ ಕಿಟಕಿಬಾಗಿಲುಗಳಿಗೆ ಒಂದು ಪಟ್ಟಿಯಾಗಲಿ. ಅದಕ್ಕೆ ಒಬ್ಬ ಅನುಭವಿ ಆಚಾರಿಯೂ ಒಬ್ಬ ಕಿರಿಯ ಎಂಜಿನಿಯರೂ ಜೊತೆಯಾಗಿ ಹೋದರೆ ಸಾಕು. ಎರಡನೆಯದಾಗಿ, ದುರಸ್ತಿಯಾಗದೆಂದು ಆ ಇಬ್ಬರೂ ಬರೆದುಕೊಟ್ಟ ಹೊರತು ಯಾವ ಹಳೆಯ ಕಿಟಕಿಯನ್ನೂ ಕೀಳಕೂಡದು. ಮೂರನೆಯದಾಗಿ, ಕಿತ್ತ ಮರವನ್ನು ಹರಾಜು ಹಾಕದೆ ಜಿಲ್ಲೆಯ ಒಂದು ಉಗ್ರಾಣದಲ್ಲಿಟ್ಟು ಇತರ ದುರಸ್ತಿಗಳಿಗೆ ಒದಗಿಸತಕ್ಕದ್ದು. ನಾಲ್ಕನೆಯದಾಗಿ, ಈ ಕೆಲಸವನ್ನು ಕಡಿಮೆ ದರದ ಗುತ್ತಿಗೆಗೆ ಬಿಡದೆ ದಿನಗೂಲಿಯ ಲೆಕ್ಕದಲ್ಲಿ ಮಾಡಿಸಿ, ಪ್ರತಿಯೊಬ್ಬ ಆಚಾರಿಯ ಕೈಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಇಡಬೇಕು. ಕಡೆಯದಾಗಿ, ಪ್ರತಿವರ್ಷ ಮುಂಗಾರಿಗೆ ಮುಂಚೆ ಒಂದು ಸಲ ಮಾಡು, ದೋಣಿ, ಕಿಟಕಿಗಳನ್ನು ನೋಡುವುದು ಕಟ್ಟಡದ ಮುಖ್ಯಾಧಿಕಾರಿಯ ಕರ್ತವ್ಯವೆಂದು ವಿಧಿಸಬೇಕು.

ಮನೆಯ ಯಜಮಾನರಿಗೂ ಒಂದು ಮಾತು. ತಾತನ ಕಾಲದ ಕಿಟಕಿಯನ್ನು ಬದಲಿಸುವಂತೆ ಮಗನೂ ಮೇಸ್ತ್ರಿಯೂ ಒತ್ತಾಯಪಡಿಸಿದಾಗ, ಒಪ್ಪುವುದಕ್ಕೆ ಮೊದಲು ಒಬ್ಬ ಬಡಗಿಯನ್ನು ಕರೆದು ಕೇಳಿರಿ. ಅವನು ಆಗದೆಂದರೆ ಬದಲಿಸಿರಿ. ಆಗುವುದೆಂದರೆ ಅವನಿಗೆ ಎರಡು ದಿನದ ಕೂಲಿ ಕೊಡಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಬಲ್ಲ ಜನ ನಾವು. ದೊಣ್ಣೆಯನ್ನು ಎತ್ತುವ ಮುಂಚೆ ಒಂದು ನಿಮಿಷ ಯೋಚಿಸಿದರೆ ಯಾರಿಗೂ ನಷ್ಟವಿಲ್ಲ. ಈ ಮುಂಗಾರು ಕಾಲಿಡುವುದಕ್ಕೆ ಮುಂಚೆಯೇ ಮೊದಲನೆಯ ಪಟ್ಟಿಯು ಸಿದ್ಧವಾಗಲೆಂದೂ, ಆ ಪಟ್ಟಿಯಲ್ಲಿ "ಹೊಸದು" ಎಂಬ ಮಾತಿಗಿಂತ "ದುರಸ್ತಿ" ಎಂಬ ಮಾತು ಹೆಚ್ಚಾಗಿರಲೆಂದೂ ನಾವು ಒತ್ತಿ ಹೇಳುತ್ತೇವೆ.